ನೆಲವೇ ಕುಣಿದ ದಿನ

ಲಂಡನ್ನಿನ ಟವರ್ ಬ್ರಿಡ್ಜ್ ಸಂಚಾರಕ್ಕೆ ತೆರೆದದ್ದು 1894ರಲ್ಲಿ. ಆಮೇಲೆ ನೂರು ವರ್ಷ ಕಳೆದರೂ ನಗರದ ನಟ್ಟನಡುವೆ, ಥೇಮ್ಸ್ ನದಿಗೆ ಹೊಸ ಜಾಗದಲ್ಲಿ ಒಂದು ಸೇತುವೆಯೂ ಬರಲಿಲ್ಲ. ಹಳೆಯದನ್ನು ಕೆಡವಿ ಅಲ್ಲಲ್ಲೇ ಹೊಸದು ಕಟ್ಟಿದ್ದುಂಟು, ಅಷ್ಟೆ. ಹೀಗಾಗಿ ಹೊಸ ಸಹಸ್ರಮಾನದ ನೆಪದಲ್ಲಿ ಕಾಲ್ನಡಿಗೆಯವರಿಗೆಂದೇ ಒಂದು ಸೇತುವೆ ಕಟ್ಟೋಣ ಎಂಬ ಮಾತು ಬಂದಾಗ ಜನರ ನಿರೀಕ್ಷೆ ಸಣ್ಣದಿರಲಿಲ್ಲ. 1996ರಲ್ಲಿ ನಡೆದ ವಿನ್ಯಾಸ ಸ್ಪರ್ಧೆಗೆ ಇನ್ನೂರಕ್ಕೂ ಹೆಚ್ಚು ಪ್ರವೇಶಗಳು ಬಂದವು. ಗೆದ್ದದ್ದು ಮೂರು ಕೈಗಳ ಕೂಟ: ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ, ಶಿಲ್ಪಿ ಆಂಥನಿ ಕಾರೊ, ಮತ್ತು ಸಿಡ್ನಿಯ ಒಪೆರಾ ಹೌಸನ್ನು ಎಬ್ಬಿಸಿ ನಿಲ್ಲಿಸಿದ ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆ. ಹಾಳುಬಿದ್ದ ವಿದ್ಯುತ್ ಸ್ಥಾವರವೊಂದು ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಗಿ ಮರುಹುಟ್ಟು ಪಡೆಯುತ್ತಿದ್ದುದು ದಕ್ಷಿಣ ದಡದಲ್ಲಿ. ಉತ್ತರ ದಡದಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. ಇವೆರಡನ್ನೂ ಜೋಡಿಸುವ 325 ಮೀಟರ್ ಉದ್ದದ ಸೇತುವೆ ಅದು. ಹೆಸರು ಮಿಲೆನಿಯಂ ಬ್ರಿಡ್ಜ್.

ಅದರ ಅಂದವೆಲ್ಲ ಇರುವುದು ಅದು ಎಷ್ಟು ಕಡಿಮೆ ಕಾಣುತ್ತದೆ ಎಂಬುದರಲ್ಲಿ. ಸಾಮಾನ್ಯ ತೂಗುಸೇತುವೆಯ ಚಿತ್ರ ನಮಗೆ ಗೊತ್ತು. ಎರಡು ಎತ್ತರದ ಗೋಪುರ, ನಡುವೆ ಮಾಲೆಯಂತೆ ಜೋತುಬಿದ್ದ ಕೇಬಲ್ಲು, ಅದರಿಂದ ಇಳಿಬಿದ್ದ ಸರಳುಗಳಿಗೆ ಕಟ್ಟಿದ ದಾರಿ. ಅಂಥದ್ದನ್ನು ಇಲ್ಲಿ ನಿಲ್ಲಿಸಿದ್ದರೆ ಗುಮ್ಮಟದ ನೋಟಕ್ಕೆ ಅಡ್ಡವಾಗುತ್ತಿತ್ತು. ಅದಕ್ಕೇ ಇಲ್ಲಿ ಗೋಪುರವೇ ಇಲ್ಲ; ಇಬ್ಬದಿಯಲ್ಲಿ ನಾಲ್ಕು ನಾಲ್ಕರಂತೆ ಎಂಟು ಉಕ್ಕಿನ ಕೇಬಲ್ಲುಗಳು ದಾರಿಯ ಪಕ್ಕದಲ್ಲೇ, ತಗ್ಗಾಗಿ ಹಾದುಹೋಗುತ್ತವೆ. ನಡುವಿನ ಕಮಾನಿನ (ಎರಡು ಆಧಾರಗಳ ನಡುವಿನ ಭಾಗಕ್ಕೆ ಇಲ್ಲಿ ಹಾಗೆನ್ನೋಣ) ಉದ್ದ 144 ಮೀಟರ್. ಅಷ್ಟುದ್ದಕ್ಕೆ ಕೇಬಲ್ಲಿನ ಜೋಲು ಕೇವಲ 2.3 ಮೀಟರ್. ಮಾಮೂಲಿ ತೂಗುಸೇತುವೆಯಲ್ಲಿ ಇದರ ಆರು ಪಟ್ಟು ಇರುತ್ತದೆ. ಬಟ್ಟೆ ಒಣಹಾಕಲು ಹಗ್ಗ ಕಟ್ಟಿದವರಿಗೆಲ್ಲ ಇದರ ಕಷ್ಟ ಗೊತ್ತು: ಜೋಲು ಕಡಿಮೆ ಮಾಡಬೇಕೆಂದಷ್ಟೂ ಬಿಗಿ ಹೆಚ್ಚಿಸಬೇಕು. ಇಲ್ಲಿ ಎಂಟೂ ಕೇಬಲ್ಲುಗಳು ಸೇರಿ ದಡಗಳನ್ನು ಎಳೆಯುವ ಬಲ ಸುಮಾರು 2,000 ಟನ್ನು. ರಾತ್ರಿ ದೀಪ ಹಾಕಿದಾಗ ಇದು ಬೆಳಕಿನ ಅಲಗಿನಂತೆ ಕಾಣಬೇಕು ಎಂಬುದು ಫಾಸ್ಟರ್ ಆಸೆ. ಖರ್ಚು 1.82 ಕೋಟಿ ಪೌಂಡು.

2000ದ ಮೇ 9ರಂದು ರಾಣಿ ಎಲಿಜಬೆತ್ ಬಂದು ವಿಧಿವತ್ತಾಗಿ ಹರಸಿ ಹೋದರು. ಆಗ ಏನೂ ಆಗಲಿಲ್ಲ. ರಾಣಿಯ ಹಿಂದೆ ಮುಂದೆ ಎಷ್ಟೇ ಜನವಿದ್ದರೂ ಅದು ಗುಂಪೇ ಹೊರತು ಜಾತ್ರೆಯಲ್ಲವಲ್ಲ. ಜಾತ್ರೆ ನೆರೆದದ್ದು ಜೂನ್ 10ರ ಶನಿವಾರ, ಸೇತುವೆಯನ್ನು ಸಾರ್ವಜನಿಕರಿಗೆ ಬಿಟ್ಟಾಗ. ಆ ದಿನ ಎಂಬತ್ತು ಸಾವಿರದಿಂದ ಒಂದು ಲಕ್ಷ ಜನ ದಾಟಿದರೆಂದು ಅಂದಾಜು. ಒಂದು ಹೊತ್ತಿನಲ್ಲಿ ಅದರ ಮೇಲೆ ಎರಡು ಸಾವಿರ ಜನರಿದ್ದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವತ್ತು ಲಂಡನ್ನಿನಲ್ಲಿ ಕುಣಿದದ್ದೇ ನೆಲ. ಮೊದಲು ದಕ್ಷಿಣದ ಕಮಾನು, ಆಮೇಲೆ ನಡುವಿನದು ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿದವು. ನಡುವಿನಲ್ಲಿ ಹೊಯ್ದಾಟ ಏಳು ಸೆಂಟಿಮೀಟರ್‌ವರೆಗೂ ಮುಟ್ಟಿತ್ತು. ಕೇಳಲು ಸಣ್ಣದು, ನಾಲ್ಕು ಬೆರಳಗಲ. ಆದರೆ ಕಾಲಡಿಯ ನೆಲ ಸೆಕೆಂಡಿಗೊಮ್ಮೆ ನಾಲ್ಕು ಬೆರಳು ಆಚೆ, ನಾಲ್ಕು ಬೆರಳು ಈಚೆ ಹೋಗುತ್ತಿದ್ದರೆ ನಡೆಯುವವರ ಪಾಡೇನು? ಆ ದಿನದ ವೀಡಿಯೊಗಳು ಈಗಲೂ ನೋಡಸಿಗುತ್ತವೆ. ಕೋಟು ತೊಟ್ಟವರು, ಮಗುವಿನ ಗಾಡಿ ತಳ್ಳುವವರು, ಅಜ್ಜ ಅಜ್ಜಿಯರು ಎಲ್ಲರೂ ಕಾಲು ಅಗಲಿಸಿ, ಒಂದೇ ಲಯದಲ್ಲಿ ಎಡಕ್ಕೆ ವಾಲಿ ಬಲಕ್ಕೆ ವಾಲಿ, ಯಾರೋ ಕವಾಯತು ಕಲಿಸಿದಂತೆ ನಡೆಯುತ್ತಿದ್ದಾರೆ. ಕೆಲವರು ಕಂಬಿ ಹಿಡಿದು ನಿಂತಿದ್ದಾರೆ. ಬಹಳ ಜನ ನಗುತ್ತಿದ್ದಾರೆ. ಸೇತುವೆಗೆ ಏರುವವರ ಸಂಖ್ಯೆಗೆ ಕಡಿವಾಣ ಹಾಕಿ ನೋಡಿದರು, ಸಾಲಲಿಲ್ಲ. ಸೋಮವಾರ, ಜೂನ್ 12ರಂದು ಸೇತುವೆ ಮುಚ್ಚಿತು. ಅಷ್ಟರಲ್ಲಿ ಅದಕ್ಕೆ ಹೊಸ ನಾಮಕರಣವಾಗಿತ್ತು: ವಾಬ್ಲಿ ಬ್ರಿಡ್ಜ್, ಅಂದರೆ ಓಲಾಡುವ ಸೇತುವೆ. ಇಪ್ಪತ್ತು ವರ್ಷ ಕಳೆದರೂ ಆ ಅಡ್ಡಹೆಸರು ಅಳಿದಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಸೇತುವೆ ಬೀಳುವ ಅಪಾಯದಲ್ಲಿ ಇರಲೇ ಇಲ್ಲ. ಕೇಬಲ್ಲು, ಉಕ್ಕು, ಕಂಬ ಎಲ್ಲಕ್ಕೂ ಬೇಕಾದಷ್ಟು ಶಕ್ತಿ ಇತ್ತು. ಎಂಜಿನಿಯರು ಎರಡು ಬೇರೆ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ನಿಲ್ಲುತ್ತದೆಯೇ? ಇದರ ಮೇಲೆ ಜನ ನೆಮ್ಮದಿಯಿಂದ ಇರುತ್ತಾರೆಯೇ? ಮೊದಲನೆಯದಕ್ಕೆ ನೂರಕ್ಕೆ ನೂರು ಅಂಕ ಬಂದು ಎರಡನೆಯದರಲ್ಲಿ ನಪಾಸಾದ ಕಟ್ಟಡಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ನಪಾಸಾಗುತ್ತವೆ. ಇದಕ್ಕೆ ಆ ಭಾಗ್ಯವಿರಲಿಲ್ಲ. ಲಂಡನ್ನಿನ ಎಲ್ಲ ಪತ್ರಿಕೆಗಳ ಕ್ಯಾಮೆರಾಗಳ ಎದುರಿಗೇ ಮಾನ ಹರಾಜಾಯಿತು.

ಏನು ನಡೆಯಿತು ಎಂದು ಊಹಿಸುವವರಿಗೆ ಬರವೇ? ಬಾಗಿಲು ಮುಚ್ಚಿದ ಎರಡೇ ದಿನದಲ್ಲಿ ಗಾರ್ಡಿಯನ್ ಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ ಒಂದು ಪುಟ್ಟ ಪತ್ರ ಬಂತು. ಬರೆದವರು ಬ್ರಿಯಾನ್ ಜೋಸೆಫ್‌ಸನ್, ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದವರು. ಜನ ತಮ್ಮ ಸಮತೋಲ ಕಾಯ್ದುಕೊಳ್ಳಲು ಮಾಡುವ ಕಸರತ್ತೇ ಸೇತುವೆಯನ್ನು ತೂಗುತ್ತಿದೆ ಎಂಬುದು ಅವರ ವಾದ. ಅಲುಗುವ ಸಣ್ಣ ದೋಣಿಯಲ್ಲಿ ಎದ್ದುನಿಂತವರ ಪಾಡನ್ನು ನೆನಪಿಸಿಕೊಳ್ಳಿ ಎಂದರು. ನೊಬೆಲ್ ವಿಜೇತರೊಬ್ಬರು ಕುರ್ಚಿಯಲ್ಲಿ ಕೂತು, ಪತ್ರಿಕೆ ಓದಿ, ವಾಚಕರ ವಾಣಿಗೆ ಉತ್ತರ ಬರೆದುಹಾಕುವುದು. ಮತ್ತು ಅದು ಬಹುಮಟ್ಟಿಗೆ ಸರಿಯಾಗಿರುವುದು. ಆ ಪತ್ರವನ್ನು ಓದಿದ ಅರೂಪ್‌ನ ಎಂಜಿನಿಯರುಗಳಿಗೆ ಹೇಗಾಗಿರಬೇಡ.

ಮನುಷ್ಯ ನೇರವಾಗಿ ನಡೆಯುತ್ತಾನೆ ಎನ್ನುವುದು ನಮ್ಮ ಭ್ರಮೆ. ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಹಾಕುತ್ತೇವೆ. ಎಡಗಾಲಿನ ಮೇಲೆ ನಿಂತಾಗ ಮೈ ತುಸು ಎಡಕ್ಕೆ, ಬಲಗಾಲಿನ ಮೇಲೆ ನಿಂತಾಗ ತುಸು ಬಲಕ್ಕೆ. ಅಂದರೆ ಕೆಳಮುಖದ ಒತ್ತು ಸೆಕೆಂಡಿಗೆ ಎರಡು ಸಲ ಬಿದ್ದರೆ, ಅಡ್ಡ ನೂಕು ಸೆಕೆಂಡಿಗೆ ಒಂದು ಸುತ್ತು. ಈ ಅಡ್ಡ ನೂಕು ತೀರ ಸಣ್ಣದು, ಸುಮಾರು ಎರಡೂವರೆ ಕಿಲೋ ತೂಕದಷ್ಟು. ಆಗಿನ ಬ್ರಿಟಿಷ್ ಮಾನದಂಡಗಳಲ್ಲಿ ಕೆಳಮುಖದ ಕುಲುಕಾಟದ ಬಗ್ಗೆ ನಿಯಮವಿತ್ತು. ಅಡ್ಡ ನೂಕಿನ ಬಗ್ಗೆ ಇರಲಿಲ್ಲ. ಸಾವಿರ ಜನ ಸಾವಿರ ಲಯದಲ್ಲಿ ನಡೆಯುತ್ತಾರೆ, ಒಬ್ಬನ ಎಡ ಇನ್ನೊಬ್ಬನ ಬಲವನ್ನು ಕಳೆಯುತ್ತದೆ ಎಂಬ ನಂಬಿಕೆ. ನಂಬಿಕೆ ತಪ್ಪಲ್ಲ, ನೆಲ ಕದಲದೆ ಇರುವ ತನಕ.

ನೆಲ ಒಂದಿಷ್ಟು ಕದಲಿತೆನ್ನಿ. ಬೀಳಬಾರದೆಂದು ನಾವು ತಿಳಿಯದೆಯೇ ಪಾದವನ್ನು ಒಂದಿಷ್ಟು ಆಚೆ ಊರುತ್ತೇವೆ, ನೆಲ ಓಡುವ ಕಡೆಗೇ ಒತ್ತುತ್ತೇವೆ. ಪಕ್ಕದವರೂ ಅದನ್ನೇ ಮಾಡುತ್ತಾರೆ. ಸೇತುವೆಯ ಅಡ್ಡ ತೊನೆದಾಟದ ಸಹಜ ಲಯವೂ ಸೆಕೆಂಡಿಗೆ ಒಂದರ ಆಸುಪಾಸಿನಲ್ಲೇ ಇತ್ತು. ದಕ್ಷಿಣದ ಕಮಾನಿನದು 0.8, ನಡುವಿನದರ ಒಂದು ಲಯ ಸುಮಾರು 0.5, ಇನ್ನೊಂದು ಸುಮಾರು 1. ಹೀಗೆ ಜನ ನೂಕಿದಷ್ಟೂ ಸೇತುವೆ ತೊನೆಯುತ್ತದೆ, ಸೇತುವೆ ತೊನೆದಷ್ಟೂ ಜನ ನೂಕುತ್ತಾರೆ. ಯಾರೂ ಯಾರಿಗೂ ತಾಳ ಹಾಕಿಕೊಡಬೇಕಾಗಿಲ್ಲ.

ಈ ಬಗೆಯ ಗುಟ್ಟಿನ ಒಡಂಬಡಿಕೆಯನ್ನು ಮೊದಲು ಗಮನಿಸಿದವರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಒಬ್ಬರು. 1665ರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಲೋಲಕದ ಗಡಿಯಾರಗಳು ತಮ್ಮಷ್ಟಕ್ಕೆ ಲಯ ಕೂಡಿಸಿಕೊಳ್ಳುವುದನ್ನು ಕಂಡು ತಂದೆಗೆ ಪತ್ರ ಬರೆದರು. ಆ ಗಡಿಯಾರಗಳ ನಡುವಿನ ಮಾತುಕತೆ ನಡೆದದ್ದು ತೊಲೆಯ ಮೂಲಕ. ಥೇಮ್ಸ್ ಮೇಲೆ ತೊಲೆಯ ಕೆಲಸವನ್ನು ಸೇತುವೆ ಮಾಡಿತು.

ಈಗ ಬರುವುದು ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಮರ್ಯಾದೆ ಹೋದ ಸಂಸ್ಥೆ ಸಾಮಾನ್ಯವಾಗಿ ಏನು ಮಾಡುತ್ತದೆ? ವಕೀಲರನ್ನು ಕರೆಯುತ್ತದೆ. ಅರೂಪ್ ತನ್ನ ನೌಕರರನ್ನು ಕರೆಯಿತು, ಸೇತುವೆಯ ಮೇಲೆ ನಡೆಯಲಿಕ್ಕೆ. ಇಂಪೀರಿಯಲ್ ಕಾಲೇಜಿನಲ್ಲಿ ಅಡ್ಡಡ್ಡ ಅಲುಗುವ ಏಳು ಮೀಟರ್ ಉದ್ದದ ವೇದಿಕೆ ಕಟ್ಟಿ, ಒಬ್ಬೊಬ್ಬರನ್ನೇ ನಡೆಸಿ, ಪಾದ ಎಷ್ಟು ನೂಕುತ್ತದೆಂದು ಅಳೆದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಂಪನ ಮೇಜಿನ ಮೇಲೆ ಜನರನ್ನು ನಿಲ್ಲಿಸಿ ಇದ್ದಲ್ಲೇ ಹೆಜ್ಜೆ ಹಾಕಿಸಿದರು. ಕೊನೆಗೆ 2000ದ ಡಿಸೆಂಬರಿನ ಚಳಿಯಲ್ಲಿ ನಿಜವಾದ ಸೇತುವೆಯ ಉತ್ತರದ ಕಮಾನಿನ ಮೇಲೆ ಜನರನ್ನು ಸುತ್ತು ಹೊಡೆಸಿದರು. ಐವತ್ತು ಜನ, ಆಮೇಲೆ ಇನ್ನಷ್ಟು, ಆಮೇಲೆ ಮತ್ತಷ್ಟು. ದೊಡ್ಡ ದೊಡ್ಡ ಡಿಗ್ರಿ ಪಡೆದವರು ಕೊರೆಯುವ ಗಾಳಿಯಲ್ಲಿ, ಸಂಬಳದ ದಿನ ಬ್ಯಾಂಕಿನ ಮುಂದೆ ನಿಂತವರ ಹಾಗೆ, ಸಾಲಾಗಿ ಹೋಗಿ ಸಾಲಾಗಿ ಬರುತ್ತಿರುವುದನ್ನು ಕಲ್ಪಿಸಿಕೊಳ್ಳಿ.

156 ಜನರಾಗುವ ತನಕ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಇನ್ನು ಹತ್ತು ಜನ ಸೇರಿ 166 ಆದರು. ಸೇತುವೆ ಕುಣಿಯಲು ಶುರುಮಾಡಿತು.

ಆ ಪರೀಕ್ಷೆಯ ರೇಖಾಚಿತ್ರವನ್ನು ನೋಡಬೇಕು. ಕೆಳಗೊಂದು ಗೆರೆ, ಜನಸಂಖ್ಯೆಯದು, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೇಲೊಂದು ಗೆರೆ, ಅಲುಗಾಟದ್ದು, ಬಹಳ ಹೊತ್ತು ಮಲಗಿಯೇ ಇರುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ದಿಢೀರನೆ ಎದ್ದು ಕೂರುತ್ತದೆ. ಅದುವರೆಗೆ ಎಲ್ಲರ ಅಂದಾಜು, ಜನ ಹೆಚ್ಚಿದಂತೆ ಅಲುಗಾಟವೂ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ ಎಂದು. ಇಲ್ಲಿ ಹಾಗಲ್ಲ, ಒಂದು ಹೊಸ್ತಿಲು ಇದೆ. ಪ್ರತಿಯೊಬ್ಬ ನಡೆಯುವವನೂ ಸೇತುವೆಯ ಅಡ್ಡ ವೇಗಕ್ಕೆ ತಕ್ಕಷ್ಟು ಶಕ್ತಿಯನ್ನು ಅದರೊಳಗೆ ಹಾಕುತ್ತಾನೆ. ಸೇತುವೆ ತನ್ನ ಕೀಲು, ಬೆಸುಗೆ, ಜೋಡಣೆಗಳ ತಿಕ್ಕಾಟದಲ್ಲಿ ಅಷ್ಟಿಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಾಕುವುದು ಕಳೆಯುವುದಕ್ಕಿಂತ ಕಡಿಮೆ ಇರುವ ತನಕ ಎಲ್ಲ ಶಾಂತ. ಮೀರಿತೋ, ಲೆಕ್ಕ ತಿರುಗಿಬೀಳುತ್ತದೆ. ಇದರಲ್ಲೇ ಪರಿಹಾರವೂ ಅಡಗಿತ್ತು: ಎಷ್ಟು ಜನ ಬರಬಹುದೆಂದು ಗೊತ್ತಿದ್ದರೆ ಎಷ್ಟು ಶಕ್ತಿಯನ್ನು ಹೀರುವ ಸಾಧನ ಬೇಕೆಂದು ಒಂದು ಸಾಲಿನ ಗುಣಾಕಾರದಲ್ಲಿ ಹೇಳಿಬಿಡಬಹುದು.

ಅರೂಪ್‌ನ ಪ್ಯಾಟ್ ಡಲ್ಲಾರ್ಡ್, ಟೋನಿ ಫಿಟ್ಜ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಅಳತೆ, ಸೂತ್ರ, ರೇಖಾಚಿತ್ರ ಸಮೇತ ಇದನ್ನೆಲ್ಲ 2001ರಲ್ಲಿ ವೃತ್ತಿಪತ್ರಿಕೆಯಲ್ಲಿ ಪ್ರಕಟಿಸಿದರು. ಪೈಪೋಟಿಯ ಸಂಸ್ಥೆಗಳೂ ಅದನ್ನು ಬಿಟ್ಟಿಯಾಗಿ ಬಳಸಿಕೊಳ್ಳಬಹುದಿತ್ತು, ಬಳಸಿಕೊಂಡವು ಕೂಡ. ನನ್ನ ಮಟ್ಟಿಗೆ ಆ ಸಂಸ್ಥೆ ಥೇಮ್ಸ್ ದಡದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಸೇತುವೆಯಲ್ಲ, ಆ ಪ್ರಬಂಧ.

ಪ್ರಬಂಧ ಬರೆಯುವ ಮುನ್ನ ಹಳೆಯ ಕಡತಗಳನ್ನು ಕೆದಕಿದಾಗ ಒಂದೊಂದಾಗಿ ಅಣ್ಣತಮ್ಮಂದಿರು ಹೊರಬಂದರು. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಮೇಲಿನ ಸೊಲ್ಫೆರಿನೊ ಕಾಲುಸೇತುವೆ 1999ರ ಡಿಸೆಂಬರಿನಲ್ಲಿ ತೆರೆದು, ಅಲುಗಿ, ಮುಚ್ಚಿತ್ತು. ಅದು ಕಮಾನು ಸೇತುವೆ, ತೂಗುಸೇತುವೆಯಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನ ಭಾರೀ ವಾಹನ ಸೇತುವೆ 1975ರಲ್ಲಿ ಮೆರವಣಿಗೆಯೊಂದು ಹಾದಾಗ ಅಡ್ಡಡ್ಡ ತೊನೆದಿತ್ತು. ಜಪಾನಿನಲ್ಲಿ ದೋಣಿಪಂದ್ಯದ ಕ್ರೀಡಾಂಗಣದಿಂದ ಬಸ್ ನಿಲ್ದಾಣಕ್ಕೆ ಹೋಗುವ ಟೋಡಾ ಪಾರ್ಕ್ ಕಾಲುಸೇತುವೆಯದು ಇನ್ನೂ ಸ್ವಾರಸ್ಯದ ಕತೆ. ಪಂದ್ಯ ಬಿಟ್ಟಾಗಲೆಲ್ಲ ಸುಮಾರು ಎರಡು ಸಾವಿರ ಜನ ಒಟ್ಟಿಗೆ ಅದರ ಮೇಲೆ ನುಗ್ಗುತ್ತಿದ್ದರು, ಸೇತುವೆ ಅಲುಗುತ್ತಿತ್ತು. ಪ್ರೊಫೆಸರ್ ಯೋಜೊ ಫುಜಿನೊ ಮೇಲಿನಿಂದ ವೀಡಿಯೊ ತೆಗೆದು, ತಲೆಗಳ ಓಲಾಟವನ್ನು ಎಣಿಸಿ, ಐವರಲ್ಲಿ ಒಬ್ಬರಷ್ಟು ಜನ ಸೇತುವೆಯ ಲಯಕ್ಕೇ ಹೆಜ್ಜೆ ಹಾಕುತ್ತಿದ್ದಾರೆಂದು ಕಂಡುಕೊಂಡರು. ಅಲ್ಲಿನ ಮದ್ದು ಇನ್ನೂ ಸೊಗಸು: ಸೇತುವೆಯ ಟೊಳ್ಳು ತೊಲೆಯೊಳಗೆ ನೀರು ತುಂಬಿದ ನೂರಾರು ಪ್ಲಾಸ್ಟಿಕ್ ಡಬ್ಬಗಳನ್ನು ಜೋಡಿಸಿಟ್ಟರು. ಸೇತುವೆ ಅತ್ತ ಹೋದಾಗ ನೀರು ಇತ್ತ ತುಳುಕುತ್ತದೆ, ತುಳುಕಾಟದಲ್ಲಿ ಶಕ್ತಿ ಸೋರಿಹೋಗುತ್ತದೆ.

1993ರಲ್ಲೇ ಫುಜಿನೊ ಇದನ್ನು ಬರೆದಿದ್ದರು. ಆದರೆ ಪ್ರಕಟವಾದದ್ದು ಭೂಕಂಪ ಎಂಜಿನಿಯರಿಂಗಿನ ಪತ್ರಿಕೆಯಲ್ಲಿ. ಭೂಕಂಪವೇ ಆಗದ ಊರಿನಲ್ಲಿ ಕಾಲುಸೇತುವೆ ಕಟ್ಟುವವರು ಅದನ್ನೇಕೆ ಓದುತ್ತಾರೆ! ವಿಜ್ಞಾನದಲ್ಲಿ ಜ್ಞಾನ ಇಲ್ಲದಿರುವುದು ಒಂದು ಬಗೆಯ ಬಡತನವಾದರೆ, ಪಕ್ಕದ ಕಪಾಟಿನಲ್ಲಿ ಇದ್ದೂ ಕಾಣದಿರುವುದು ಇನ್ನೊಂದು ಬಗೆಯದು. ಎರಡನೆಯದೇ ಹೆಚ್ಚು ಎಂದು ನನ್ನ ಅನುಮಾನ.

ಇನ್ನೂ ಹಿಂದಕ್ಕೆ ಹೋದರೆ ಸೈನಿಕರು ಸಿಗುತ್ತಾರೆ. 1831ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಬಳಿಯ ಬ್ರಾಟನ್ ತೂಗುಸೇತುವೆಯ ಮೇಲೆ 74 ಮಂದಿಯ ಪಡೆಯೊಂದು ನಾಲ್ಕು ನಾಲ್ಕು ಜನರ ಸಾಲಿನಲ್ಲಿ ನಡೆಯುತ್ತಿತ್ತು. ಕಾಲಡಿ ಸೇತುವೆ ಕುಣಿಯುವುದು ಅವರಿಗೆ ಖುಷಿ ಕೊಟ್ಟಿತು. ಕೆಲವರು ಅದರ ತಾಳಕ್ಕೆ ಸಿಳ್ಳೆ ಹಾಕುತ್ತ ಹೆಜ್ಜೆ ಇನ್ನೂ ಬಿಗಿ ಮಾಡಿದರು. ಸೇತುವೆ ಮುರಿದು ಜನ ನೀರಿಗೆ ಬಿದ್ದರು. ನೀರು ಆಳವಿರಲಿಲ್ಲವಾದ್ದರಿಂದ ಗಾಯಗಳಲ್ಲೇ ಮುಗಿಯಿತು. ಅಂದಿನಿಂದ ಬ್ರಿಟಿಷ್ ಸೈನ್ಯದಲ್ಲಿ ಸೇತುವೆ ಬಂದಾಗ ಹೆಜ್ಜೆ ಮುರಿಯಬೇಕೆಂಬ ನಿಯಮವಾಯಿತು. 1850ರಲ್ಲಿ ಫ್ರಾನ್ಸಿನ ಆಂಜೆ ನಗರದ ಸೇತುವೆ ಸೈನಿಕರ ಸಮೇತ ಕುಸಿದಾಗ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಲಂಡನ್ನಿನಲ್ಲೇ ಚೆಲ್ಸಿಯ ಬಳಿ 1873ರ ಆಲ್ಬರ್ಟ್ ಬ್ರಿಡ್ಜ್ ಇದೆ. ಅಡ್ಡಹೆಸರು ‘ನಡುಗುವ ಹೆಂಗಸು’. ಪಡೆಗಳು ಇಲ್ಲಿ ಹೆಜ್ಜೆ ಮುರಿದು ನಡೆಯತಕ್ಕದ್ದು ಎಂಬ ಫಲಕ ಅದರ ತುದಿಯಲ್ಲಿ ಇವತ್ತಿಗೂ ಇದೆ. ಆದರೆ ಮಿಲೆನಿಯಂ ಸೇತುವೆಗೆ ಇಂಥ ಫಲಕ ಹಾಕಿ ಪ್ರಯೋಜನವಿಲ್ಲ. ಸೈನಿಕರು ಹೆಜ್ಜೆ ಕೂಡಿಸಿಕೊಂಡೇ ಬರುತ್ತಾರೆ, ಮುರಿ ಎಂದರೆ ಮುರಿಯುತ್ತಾರೆ. ರಜಾದಿನದ ಜನರ ಹೆಜ್ಜೆಯನ್ನು ಕೂಡಿಸಿದ್ದೇ ಸೇತುವೆ, ಯಾರಿಗೆ ಹೇಳುವುದು?

ಸುಳ್ಯ, ಮಡಿಕೇರಿ ಕಡೆಯ ತೂಗುಸೇತುವೆಗಳ ಮೇಲೆ ನಡೆದವರಿಗೆ ಲಂಡನ್ನಿನವರ ಈ ಗಾಬರಿ ಅತಿಯೆನಿಸಬಹುದು. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿ, ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿಸಿದರು. ಮಳೆಗಾಲದಲ್ಲಿ ಹೊಳೆಯಾಚೆ ಸಿಕ್ಕಿಬೀಳುತ್ತಿದ್ದ ಊರುಗಳಿಗೆ ಅವು ಬದುಕಿನ ದಾರಿ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಸೇತುವೆ ತೂಗಬೇಕಾದದ್ದೇ. ತೂಗುತ್ತದೆಂದು ಹತ್ತುವವರಿಗೆ ಮೊದಲೇ ಗೊತ್ತು. ನಡುವೆ ನಿಂತು ಬೇಕೆಂದೇ ಕುಣಿಯುವ ಹುಡುಗರು, ಆಚೆ ದಡದಿಂದ ಅವರನ್ನು ಗದರುವ ಒಬ್ಬ ಹಿರಿಯರು, ಇಬ್ಬರೂ ಆ ಸೇತುವೆಯ ಭಾಗವೇ. ಲಂಡನ್ನಿನದು ನಾಲ್ಕು ಮೀಟರ್ ಅಗಲ, ಮೇಲೆ ಎರಡು ಸಾವಿರ ಜನ. ನಮ್ಮದು ಎದುರು ಬಂದವರಿಗೆ ಮೈ ತಿರುಗಿಸಿ ದಾರಿ ಬಿಡುವಷ್ಟು ಕಿರಿದು. ನಿತ್ಯದ ಓಡಾಟದಲ್ಲಿ ನೂರೈವತ್ತು ಜನ ಒಟ್ಟಿಗೆ ಅದರ ಮೇಲೆ ಕಾಣುವುದೇ ಅಪರೂಪ.

ಲಂಡನ್ನಿನ ಕತೆಗೆ ನಗಬಹುದು, ಯಾಕೆಂದರೆ ಅಲ್ಲಿ ಯಾರೂ ಸಾಯಲಿಲ್ಲ, ಮೂರನೆಯ ದಿನಕ್ಕೇ ಬಾಗಿಲು ಹಾಕಿದರು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ತೂಗುಸೇತುವೆ ಹರಿದುಬಿದ್ದು ನೂರಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ದುರಸ್ತಿ ಮುಗಿಯಿತೆಂದು ತೆರೆದು ನಾಲ್ಕೇ ದಿನವಾಗಿತ್ತು. ಕೇಬಲ್ಲಿನ ಎಳೆಗಳಲ್ಲಿ ಎಷ್ಟೋ ಮೊದಲೇ ತುಕ್ಕು ಹಿಡಿದಿದ್ದವೆಂದು ತನಿಖೆ ಹೇಳಿತು. ಅಲ್ಲಿ ಸೋತದ್ದು ಹೊಸ ಭೌತಶಾಸ್ತ್ರಕ್ಕಲ್ಲ, ಹಳೆಯ ತುಕ್ಕಿಗೆ.

ಮತ್ತೆ ಥೇಮ್ಸ್‌ಗೆ. ಕಾಯಿಲೆ ಗೊತ್ತಾಯಿತು, ಮದ್ದೇನು? ಸೇತುವೆಯನ್ನು ಗಡುಸು ಮಾಡಿ ಅದರ ಲಯವನ್ನೇ ಬದಲಿಸಬಹುದಿತ್ತು. ಆದರೆ ಅದಕ್ಕೆ ಸೇರಿಸಬೇಕಾದ ಉಕ್ಕಿನಲ್ಲಿ ಬೆಳಕಿನ ಅಲಗು ಹೋಗಿ ಬೆಳಕಿನ ದಿಮ್ಮಿ ಉಳಿಯುತ್ತಿತ್ತು. ಜನರನ್ನು ಎಣಿಸಿ ಬಿಡಬಹುದಿತ್ತು. ಅದಕ್ಕೆ ಸೇತುವೆ ಯಾಕೆ ಬೇಕು? ಉಳಿದದ್ದು ಡ್ಯಾಂಪರು, ಅಲುಗಾಟದ ಶಕ್ತಿಯನ್ನು ಹೀರಿ ಬಿಸಿಯಾಗಿ ಬಿಟ್ಟುಬಿಡುವ ಸಾಧನ. ಸ್ಕೂಟರಿನ ಶಾಕ್ ಅಬ್ಸಾರ್ಬರ್ ಅದೇ ಜಾತಿಯದು. ಕೊಳವೆಯೊಳಗೆ ದ್ರವ, ಅದರೊಳಗೆ ಪಿಸ್ಟನ್. ಪಿಸ್ಟನ್ ಆಚೀಚೆ ಹೋಗುವಾಗ ದ್ರವ ಕಿಂಡಿಗಳಲ್ಲಿ ನುಸುಳಬೇಕು, ನುಸುಳುವ ತ್ರಾಸದಲ್ಲಿ ಶಕ್ತಿ ಖರ್ಚಾಗಬೇಕು.

ಇಲ್ಲೊಂದು ಸೂಕ್ಷ್ಮ ಎದುರಾಯಿತು. ಗುಂಡಿಗೆ ಬಿದ್ದ ಸ್ಕೂಟರು ಅಂಗುಲಗಟ್ಟಲೆ ಕುಪ್ಪಳಿಸುತ್ತದೆ. ಸೇತುವೆಯ ಡ್ಯಾಂಪರು ಹೊಯ್ದಾಟ ಕಣ್ಣಿಗೆ ಕಾಣುವ ಮೊದಲೇ, ಮಿಲಿಮೀಟರಿನ ಚೂರುಪಾರಿನಲ್ಲೇ ಎಚ್ಚೆತ್ತು ಕೆಲಸ ಮಾಡಬೇಕು. ಮಾಮೂಲಿ ಪಿಸ್ಟನ್ನಿನ ರಬ್ಬರ್ ಸೀಲು ಅಷ್ಟು ಸಣ್ಣ ಚಲನೆಗೆ ಜಗ್ಗುವುದೇ ಇಲ್ಲ, ತಿಕ್ಕಾಟಕ್ಕೆ ಅಂಟಿಕೊಂಡು ಕೂರುತ್ತದೆ. ಅಮೆರಿಕದ ಟೇಲರ್ ಡಿವೈಸಸ್ ಎಂಬ ಕಂಪನಿಯ ಬಳಿ ಬಾಹ್ಯಾಕಾಶದ ಉಪಕರಣಗಳಿಗೆಂದು ರೂಪಿಸಿದ, ಲೋಹದ ತಿದಿಯಿಂದ ಮುಚ್ಚಿದ, ತಿಕ್ಕಾಟವೇ ಇಲ್ಲದ ಡ್ಯಾಂಪರುಗಳಿದ್ದವು. ಆಕಾಶಕ್ಕೆ ಮಾಡಿದ್ದು ಥೇಮ್ಸ್ ನದಿಯ ಪಾದಚಾರಿಗಳ ಪಾಲಿಗೆ ಬಂತು. ಅಂಥವು 37, ಅವಲ್ಲದೆ ಸೇತುವೆಯ ಹೊಟ್ಟೆಯಡಿ ಸ್ಪ್ರಿಂಗಿಗೆ ಕೂರಿಸಿದ ಭಾರಗಳು ಐವತ್ತಕ್ಕೂ ಹೆಚ್ಚು. ಸೇತುವೆ ಒಂದು ಕಡೆ ಹೊರಟರೆ ಈ ಭಾರಗಳು ಹಿಂದುಳಿದು ಎದುರು ಎಳೆಯುತ್ತವೆ. ಒಟ್ಟು ಖರ್ಚು ಐವತ್ತು ಲಕ್ಷ ಪೌಂಡು. ತಾನಾಗಿ ತಣಿಯುವ ಗುಣ ಮೊದಲು ಶೇಕಡಾ ಒಂದಕ್ಕಿಂತ ಕಡಿಮೆ ಇದ್ದದ್ದು ಶೇಕಡಾ 15ರಿಂದ 20ಕ್ಕೆ ಏರಿತು. ಮೇಲಿನಿಂದ ನಡೆದುಹೋಗುವವರಿಗೆ ಇದಾವುದೂ ಕಾಣದು. ಕಾಣಬೇಕೆಂದರೆ ದಡಕ್ಕಿಳಿದು, ಅಡಿಯಲ್ಲಿ ನಿಂತು, ಕತ್ತೆತ್ತಬೇಕು.

2002ರ ಜನವರಿ ಕೊನೆಯಲ್ಲಿ ಎರಡು ಸಾವಿರ ಜನರನ್ನು ಕರೆಸಿ ನಡೆಸಿದರು. ಸೇತುವೆ ಗಂಭೀರವಾಗಿ ನಿಂತಿತ್ತು. ಫೆಬ್ರವರಿ 22ಕ್ಕೆ ಮತ್ತೆ ಸಾರ್ವಜನಿಕರಿಗೆ ತೆರೆಯಿತು. ಆಮೇಲಿನಿಂದ ಹೊಯ್ದಾಡಿಲ್ಲ. ಹೊಯ್ದಾಟ ನೋಡಲೆಂದೇ ಬಂದು ಪೆಚ್ಚುಮೋರೆ ಹಾಕಿಕೊಂಡು ಹೋದವರೂ ಇದ್ದಿರಬೇಕು.

ಡ್ಯಾಂಪರುಗಳು ಕಾಯಿಲೆಯನ್ನು ನಿಲ್ಲಿಸಿದವು, ವಿದ್ವಾಂಸರ ಜಗಳವನ್ನು ನಿಲ್ಲಿಸಲಿಲ್ಲ. 2005ರಲ್ಲಿ ಗಣಿತಜ್ಞ ಸ್ಟೀವನ್ ಸ್ಟ್ರೊಗಾಟ್ಜ್ ಮತ್ತು ಜೊತೆಯವರು ನೇಚರ್ ಪತ್ರಿಕೆಯಲ್ಲಿ ಇದನ್ನು ಲಯ ಕೂಡಿಕೆಯ ಚಂದದ ಉದಾಹರಣೆಯಾಗಿ ವಿವರಿಸಿದರು: ಸಂಖ್ಯೆ ಹೊಸ್ತಿಲು ದಾಟಿದೊಡನೆ ಹೆಜ್ಜೆಗಳ ಮೇಳವೂ ಅಲುಗಾಟವೂ ಒಟ್ಟಿಗೆ ಹುಟ್ಟುತ್ತವೆ ಎಂದು. ಬ್ರಿಸ್ಟಲ್‌ನ ಜಾನ್ ಮ್ಯಾಕ್ಡೊನಾಲ್ಡ್ ಒಪ್ಪಲಿಲ್ಲ. ಹೆಜ್ಜೆ ಕೂಡಬೇಕಾದ್ದೇ ಇಲ್ಲ, ಬೀಳದಿರಲು ಪ್ರತಿಯೊಬ್ಬರೂ ಪಾದವನ್ನು ಬೇರೆ ಬೇರೆ ಜಾಗದಲ್ಲಿ ಊರುವುದೇ ಸಾಕು, ಆಗಲೇ ಸೇತುವೆಗೆ ಶಕ್ತಿ ಸೇರುತ್ತದೆ ಎಂದು ತೋರಿಸಿದರು. ಇತ್ತೀಚಿನ ಲೆಕ್ಕಗಳು ಅವರ ಕಡೆಗೇ ವಾಲುತ್ತವೆ. ಲಯ ಕೂಡುವುದು ಅಲುಗಾಟದ ಕಾರಣವಲ್ಲ, ಬಹುಪಾಲು ಅದರ ಫಲ. ಜೋಸೆಫ್‌ಸನ್ನರ ಪುಟ್ಟ ಪತ್ರದ ಮರ್ಯಾದೆ ಇದರಿಂದ ಒಂದಿಷ್ಟು ಹೆಚ್ಚಿದೆ. ಈ ಚರ್ಚೆಯೆಲ್ಲ ಗಣಿತದ ಚಪಲವಲ್ಲ. ಮುಂದಿನ ಕಾಲುಸೇತುವೆಗೆ ಎಷ್ಟು ಡ್ಯಾಂಪರ್ ಕೊಳ್ಳಬೇಕೆಂಬ ರೊಕ್ಕದ ಪ್ರಶ್ನೆ ಅದಕ್ಕೆ ತಗುಲಿಕೊಂಡಿದೆ.

ಸೇತುವೆ ಮಾತ್ರ ಇದಕ್ಕೆಲ್ಲ ತಲೆಕೆಡಿಸಿಕೊಳ್ಳದೆ ಊರಿನದಾಗಿಬಿಟ್ಟಿದೆ. 2009ರ ಹ್ಯಾರಿ ಪಾಟರ್ ಚಿತ್ರದಲ್ಲಿ ದುಷ್ಟ ಮಾಂತ್ರಿಕರು ಅದನ್ನು ತಿರುಚಿ ನದಿಗೆ ಕೆಡವುತ್ತಾರೆ. ಬೆನ್ ವಿಲ್ಸನ್ ಎಂಬ ಕಲಾವಿದರು ಜನ ಉಗಿದು ತುಳಿದ ಚೂಯಿಂಗ್ ಗಮ್ಮಿನ ಚಪ್ಪಟೆ ಚಕ್ಕೆಗಳ ಮೇಲೆ ಬೋರಲು ಮಲಗಿ ಬಣ್ಣದ ಪುಟಾಣಿ ಚಿತ್ರ ಬರೆಯುತ್ತಾರೆ. ಸೇತುವೆಯ ಅಲ್ಯೂಮಿನಿಯಂ ಹಾಸಿನ ಗೀರುಗಳ ನಡುವೆ ಬಗ್ಗಿ ನೋಡಿದರೆ ನೂರಾರು ಸಿಗುತ್ತವೆ. ಸಾರ್ವಜನಿಕ ಆಸ್ತಿಗೆ ಬಣ್ಣ ಬಳಿಯುವುದು ಅಪರಾಧ; ಆದರೆ ಅವರು ಬಳಿಯುತ್ತಿರುವುದು ಗಮ್ಮಿಗೆ, ಗಮ್ಮು ಸಾರ್ವಜನಿಕ ಆಸ್ತಿಯಲ್ಲ. ಕಾನೂನು ಇಲ್ಲಿ ಕೈಚೆಲ್ಲಿದೆ.

ಕೈಚೆಲ್ಲದ ಕಾನೂನೂ ಒಂದಿದೆ. 2023ರ ಅಕ್ಟೋಬರಿನಲ್ಲಿ ದುರಸ್ತಿಗೆ ಸೇತುವೆಯನ್ನು ಕೆಲ ವಾರ ಮುಚ್ಚಿದಾಗ ಅದರ ಕೆಳಗೊಂದು ಹುಲ್ಲಿನ ಕಂತೆ ತೂಗುತ್ತಿರುವುದನ್ನು ಕಂಡು ಜನ ಬೆರಗಾದರು. ಥೇಮ್ಸ್ ನದಿಯ ಬಂದರು ನಿಯಮಗಳ ಪ್ರಕಾರ ಯಾವುದೇ ಸೇತುವೆಯಡಿಯ ಎತ್ತರ ಕೆಲಸದ ಸಲುವಾಗಿ ಕಡಿಮೆಯಾದರೆ, ದೋಣಿಯವರಿಗೆ ಕಾಣುವಷ್ಟು ದೊಡ್ಡ ಹುಲ್ಲಿನ ಕಂತೆಯನ್ನು ಹಗಲಿನಲ್ಲಿ ಇಳಿಬಿಡಬೇಕು. ಹಳೆಯ ನಿಯಮ; ಯಾರೂ ರದ್ದು ಮಾಡಿಲ್ಲ. ಬಾಹ್ಯಾಕಾಶದ ಡ್ಯಾಂಪರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಸೇತುವೆಯ ಗುತ್ತಿಗೆದಾರರು ಹುಲ್ಲು ತರಿಸಿ, ಕಟ್ಟಿ, ತೂಗುಬಿಟ್ಟರು. ರಾತ್ರಿಗೆ ಬಿಳಿ ದೀಪ ಹಚ್ಚಬೇಕೆಂದೂ ಅದೇ ನಿಯಮದಲ್ಲಿದೆ. ಕಂತೆ ಗಾಳಿಗೆ ಅಲುಗಬಾರದೆಂದು ಮಾತ್ರ ಹೇಳಿಲ್ಲ.